ಐದು ತಾಲ್ಲೂಕಿನ ಹೊಗೆ ತೂಗಿದ್ದು

ಹೊಗೆಯನ್ನು ಹಿಡಿದು ತಕ್ಕಡಿಗೆ ಹಾಕಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲ ದಿನವೇ ಕೇಳುತ್ತಾರೆ, "ಮೇಡಂ, ಹೊಗೆ ಅಳೆಯೋ ಮಷೀನು ಎಲ್ಲಿದೆ?" ಮಷೀನೂ ಇಲ್ಲ, ಮಣ್ಣೂ ಇಲ್ಲ. ಇರುವುದು ಒಂದು ತಕ್ಕಡಿ, ಒಂದು ನೋಟ್‌ಬುಕ್ಕು, ಈಗೀಗ ಒಂದು ಫೋನು. ಒಲೆಗೆ ಹೋಗುವ ಸೌದೆಯನ್ನು ತೂಗಬೇಕು. ಸಂಜೆ ಉಳಿದ ಇದ್ದಲು, ಬೂದಿಯನ್ನು ತೂಗಬೇಕು. ನಡುವೆ ಮಾಯವಾದದ್ದು ಎಲ್ಲಿಗೆ ಹೋಯಿತು? ಮೇಲೆ ಹೋಯಿತು. ಹಾಗೆ ಹೋದದ್ದರಲ್ಲಿ ಇಂಗಾಲ ಎಷ್ಟು ಎಂದು ಹೇಳುವ ಕೋಷ್ಟಕ ಇದೆ, ಅದನ್ನು ನೋಡಿ ಬರೆದುಕೊಳ್ಳಬೇಕು. ಆ ಇಂಗಾಲಕ್ಕೆ ಪ್ರತಿಯಾಗಿ ಊರಿಗೆ ಏನು ಸಿಕ್ಕಿತು ಎನ್ನುವುದು ಮುಂದಿನ ಪ್ರಶ್ನೆ. ಎಷ್ಟು ಇಟ್ಟಿಗೆ, ಎಷ್ಟು ನೀರು, ಎಷ್ಟು ಮಂಡಕ್ಕಿ? ಕಡಿಮೆ ಹೊಗೆಯಲ್ಲಿ ಹೆಚ್ಚು ಕೆಲಸ ತೆಗೆಯುವವರು ಜಾಣರು. ಉಳಿದವರು ಆ ಜಾಣರಿಗಿಂತ ಎಷ್ಟು ಹಿಂದಿದ್ದಾರೋ ಅಷ್ಟು ಹೊಗೆಯನ್ನು ಕಡಿಮೆ ಮಾಡಬಹುದು. ನಮ್ಮ ಶಾಸ್ತ್ರವೆಲ್ಲ ಇಷ್ಟೇ. ಇದಕ್ಕೆ ದೊಡ್ಡ ದೊಡ್ಡ ಹೆಸರಿಟ್ಟು ಹೆದರಿಸುವವರಿದ್ದಾರೆ, ನೀವು ಹೆದರಬೇಡಿ.

ನನ್ನ ಹೆಸರು ದುರುಗಮ್ಮ. ಕೂಡ್ಲಿಗಿ ಪಕ್ಕದ ಹಳ್ಳಿಯವಳು. ಹೊಸಪೇಟೆಯ ಒಂದು ಅಳತೆ ಕಚೇರಿಯಲ್ಲಿದ್ದುಕೊಂಡು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳನ್ನು ಸುತ್ತಿ ನಿವೃತ್ತಳಾದೆ. ಬಸ್ಸಿನಲ್ಲಿ ತಕ್ಕಡಿ ಹೊತ್ತುಕೊಂಡೇ ಓಡಾಡಿದ್ದರಿಂದ ಕಂಡಕ್ಟರುಗಳು ನನಗೆ 'ತಕ್ಕಡಿ ಮೇಡಂ' ಎಂದು ಹೆಸರಿಟ್ಟಿದ್ದರು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಆ ಹೆಸರಿಗೆ ಯಾವತ್ತೂ ಸಿಟ್ಟು ಬರಲಿಲ್ಲ, ಒಳಗೊಳಗೇ ಖುಷಿಯೇ ಆಗುತ್ತಿತ್ತು.

ನಾನು ಸೇರಿದ ಹೊಸತರಲ್ಲಿ ತಾಲ್ಲೂಕಿನ ಹೊಗೆಯನ್ನು ಕುರ್ಚಿಯಲ್ಲೇ ಕೂತು ಲೆಕ್ಕ ಹಾಕುತ್ತಿದ್ದೆವು. ಇಡೀ ರಾಜ್ಯದ ಮೊತ್ತವನ್ನು ತಲೆಗಿಷ್ಟು ಎಂದು ಹಂಚುವುದು. ಬೆಂಗಳೂರಿನವನ ಕಾರಿನ ಹೊಗೆಯಲ್ಲಿ ಕೂಡ್ಲಿಗಿಯ ಕುರಿಗಾಹಿಗೂ ಒಂದು ಪಾಲು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಅಂಥ ಲೆಕ್ಕ ಅದು. ಆಮೇಲೆ ಮೇಲಿನವರಿಗೆ ಬುದ್ಧಿ ಬಂತು. ಊರೂರಿಗೆ ಹೋಗಿ ಅಳೆಯಿರಿ ಎಂದರು. ನಮ್ಮ ನಿಜವಾದ ಕೆಲಸ ಅಲ್ಲಿಂದ ಶುರುವಾಯಿತು. ನಮ್ಮ ನಿಜವಾದ ತಪ್ಪುಗಳೂ ಅಲ್ಲಿಂದಲೇ ಶುರುವಾದವು.

ಮೊದಲನೆಯದು ಹಗರಿಬೊಮ್ಮನಹಳ್ಳಿ ಕಡೆ ಆದದ್ದು. ಪಂಪ್‌ಸೆಟ್ಟುಗಳ ಕರೆಂಟಿನ ಲೆಕ್ಕ ನನ್ನ ಪಾಲಿಗೆ ಬಂದಿತ್ತು. ಕರೆಂಟಿಗೂ ಹೊಗೆ ಇದೆ. ನಮ್ಮ ಹೊಲದಲ್ಲಿ ಮೋಟರು ತಿರುಗಿದರೆ ದೂರದಲ್ಲೆಲ್ಲೋ ಕಲ್ಲಿದ್ದಲು ಉರಿಯುತ್ತದೆ. ನಾನು ಮೋಟರಿನ ಮೇಲಿನ ತಗಡಿನ ಪ್ಲೇಟು ನೋಡಿ 'ಐದು ಎಚ್‌ಪಿ' ಎಂದು ಬರೆದುಕೊಂಡು ಹೊಲದಿಂದ ಹೊಲಕ್ಕೆ ಓಡುತ್ತಿದ್ದೆ. ಒಂದು ದಿನಕ್ಕೆ ನಲವತ್ತು ಮೋಟರು ಮುಗಿಸಿದೆ ಎಂದು ಬೀಗುತ್ತಿದ್ದಾಗ, ಬದುವಿನ ಮೇಲೆ ಕೂತಿದ್ದ ರೈತನೊಬ್ಬ ನಕ್ಕ.

"ಯಾಕಪ್ಪಾ ನಗ್ತೀ?"

"ಏನಿಲ್ರಿ ಅಕ್ಕಾರ. ಆ ಪ್ಲೇಟು ಮದಿವಿ ಫೋಟೋ ಇದ್ದಂಗ್ರಿ. ಈಗ ಹಂಗೆಲ್ಲಿ ಅದಾವು ಅವು? ಮೂರು ಸಲ ವೈಂಡಿಂಗ್ ಮಾಡ್ಸೀನಿ. ಪ್ರತಿ ಸಲ ಒಂಚೂರು ದಪ್ಪ ತಂತಿ ಹಾಕ್ಸೀನಿ. ಅದು ಈಗ ಏಳೂವರಿ ಎಳಿತೈತಿ."

ತಂತಿಗೆ ಮೀಟರು ಹಚ್ಚಿ ನೋಡಿದೆ. ಏಳೂವರೆಯಲ್ಲ, ಅದಕ್ಕೂ ಮೇಲೆ. ನಲವತ್ತು ಹೊಲವನ್ನೂ ಮತ್ತೆ ತಿರುಗಿದೆ, ಚಪ್ಪಲಿ ಹರಿಯಿತು. ಬರೆದದ್ದನ್ನು ನಂಬಬೇಡಿ, ಓಡುತ್ತಿರುವುದನ್ನು ಅಳೆಯಿರಿ. ಇದನ್ನು ನನಗೆ ಕಲಿಸಿದವನು ಯಾವ ತರಬೇತಿಯವನೂ ಅಲ್ಲ, ಆ ಬದುವಿನ ಮೇಲೆ ಕೂತಿದ್ದವನು.

ಎರಡನೆಯದು ಹಡಗಲಿ ಮಲ್ಲಿಗೆಯದು. ಮಲ್ಲಿಗೆ ಊರೂರಿಗೆ ಬಸ್ಸಿನಲ್ಲಿ ಹೋಗುತ್ತದೆ ತಾನೇ, ಹಾಗಾದರೆ ಹೂವಿಗೂ ಡೀಸೆಲ್ ಹೊಗೆ ಇದೆ. ನಾನು ಶ್ರದ್ಧೆಯಿಂದ ಲೆಕ್ಕ ಹಾಕಿ ವರದಿ ಬರೆದೆ. ಒಂದು ಮೊಳ ಮಲ್ಲಿಗೆ ಒಂದು ಇಟ್ಟಿಗೆ ಭಟ್ಟಿಗಿಂತ ಕೆಟ್ಟದ್ದು ಎಂದು ಬಂತು. ಅದನ್ನು ನೋಡಿದವರು ನಮ್ಮ ವಿರೂಪಾಕ್ಷಪ್ಪ ಸಾಹೇಬರು. ಅವರ ಬಗ್ಗೆ ಇಲ್ಲೇ ಹೇಳಿಬಿಡಬೇಕು, ಮುಂದಿನ ಕಥೆಯೆಲ್ಲ ಅವರ ಕೈಯಲ್ಲೇ ನಡೆಯುವುದು. ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ಚಿಕ್ಕವರು, ಹುದ್ದೆಯಲ್ಲಿ ಮೂರು ಮೆಟ್ಟಿಲು ಮೇಲೆ. ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ಹೊಗಳಿದ್ದನ್ನೂ ಕೇಳಿಲ್ಲ. ವರದಿಯನ್ನು ಓದಿ ಕನ್ನಡಕ ತೆಗೆದರು.

"ದುರುಗಮ್ಮಾರ, ಆ ಬಸ್ಸಿನ್ಯಾಗ ಮಂದಿ ಇರ್ಲಿಲ್ಲೇನ್ರಿ?"

ಇದ್ದರು! ಐವತ್ತು ಮಂದಿ ಇದ್ದರು, ನಾನೂ ಇದ್ದೆ, ನನ್ನ ತಕ್ಕಡಿಯೂ ಇತ್ತು. ಇಡೀ ಬಸ್ಸಿನ ಡೀಸೆಲ್ಲನ್ನು ನಾನು ಪಾಪದ ಆ ಹೂವಿನ ಬುಟ್ಟಿಯ ತಲೆಗೆ ಕಟ್ಟಿದ್ದೆ. ನಾಚಿಕೆಯಿಂದ ನೆಲ ನೋಡಿದೆ. ಸಾಹೇಬರು ವರದಿಯನ್ನು ನನ್ನ ಕಡೆಗೆ ತಳ್ಳಿದರು.

ಈ ಎರಡೂ ನಕ್ಕು ಮರೆಯುವ ತಪ್ಪುಗಳು, ಯಾರ ಹೊಟ್ಟೆಯ ಮೇಲೂ ಹೊಡೆಯಲಿಲ್ಲ. ಮೂರನೆಯದು ಹಾಗಲ್ಲ. ಅದನ್ನು ಬರೆಯಬೇಕೆಂದೇ ಇಷ್ಟು ದೂರ ಬಂದಿದ್ದೇನೆ.

ಮಂಡಕ್ಕಿ ಇಲ್ಲದೆ ನಮ್ಮ ಕಡೆ ಸಂಜೆ ಆಗುವುದಿಲ್ಲ. ಐದೂ ತಾಲ್ಲೂಕಿನಲ್ಲಿ ಮಂಡಕ್ಕಿ ಭಟ್ಟಿಗಳಿವೆ. ಕೆಳಗೆ ಜಾಲಿ ಸೌದೆಯ ಬೆಂಕಿ, ಮೇಲೆ ದೊಡ್ಡ ಬಾಣಲೆ, ಬಾಣಲೆಯಲ್ಲಿ ಕಾದ ಉಸುಕು. ಉಪ್ಪುನೀರು ಕುಡಿಸಿದ ಅಕ್ಕಿಯನ್ನು ಅದಕ್ಕೆ ಹಾಕಿ ಒಂದೆರಡು ಸಲ ತಿರುವಿದರೆ ಪಟಪಟ ಅರಳುತ್ತದೆ. ಜರಡಿ ಹಿಡಿದರೆ ಉಸುಕು ಕೆಳಗೆ, ಮಂಡಕ್ಕಿ ಮೇಲೆ. ಈ ಭಟ್ಟಿಗಳ ಹೊಗೆಯನ್ನು ಅಳೆಯಿರಿ, ತಾಲ್ಲೂಕುವಾರು ಪಟ್ಟಿ ಮಾಡಿ, ಕೊನೆಯಲ್ಲಿ ನಿಂತ ತಾಲ್ಲೂಕಿನ ಭಟ್ಟಿಗಳನ್ನು ನಿಲ್ಲಿಸುತ್ತೇವೆ ಎಂದು ಮೇಲಿನಿಂದ ಬಂತು.

ನಾನು ಓಡಾಟದ ಪಟ್ಟಿ ಹಾಕಿಕೊಂಡೆ. ಸೋಮವಾರ ಕೊಟ್ಟೂರು, ಮಂಗಳವಾರ ಕೂಡ್ಲಿಗಿ, ಬುಧವಾರ ಹಗರಿಬೊಮ್ಮನಹಳ್ಳಿ, ಗುರುವಾರ ಹಡಗಲಿ, ಶುಕ್ರವಾರ ಹರಪನಹಳ್ಳಿ. ಕೊಟ್ಟೂರಿಗೆ ಸೋಮವಾರವೇ ಯಾಕೆಂದರೆ ಆ ದಿನ ಬಸ್ಸು ಹೆಚ್ಚು. ತಕ್ಕಡಿ ಹೊತ್ತವಳಿಗೆ ಬಸ್ಸು ಹೆಚ್ಚಿರುವ ದಿನವೇ ಶುಭದಿನ. ಮೂರು ಸುಗ್ಗಿ ಇದೇ ಪಟ್ಟಿಯಂತೆ ತೂಗಿದೆ. ಸೌದೆ ತೂಗಿದೆ, ಬೂದಿ ತೂಗಿದೆ, ಅಕ್ಕಿ ತೂಗಿದೆ, ಮಂಡಕ್ಕಿ ತೂಗಿದೆ. ಒಂದು ಗುಂಜಿಯೂ ಆಚೀಚೆ ಆಗದಂತೆ ಫೋನಿಗೆ ತುಂಬಿದೆ.

ಮಾದರಿಗೆಂದು ತಾಲ್ಲೂಕಿಗೊಂದು ಭಟ್ಟಿ ಹಿಡಿದಿದ್ದೆ. ಕೊಟ್ಟೂರಿನಲ್ಲಿ ನಾನು ತೂಗುತ್ತಿದ್ದದ್ದು ಹಾಲಮ್ಮನ ಭಟ್ಟಿ. ಸಾಲಾಗಿ ಹನ್ನೊಂದು ಭಟ್ಟಿಗಳಿದ್ದವು, ಅದು ಮೂರನೆಯದು. ಹಾಲಮ್ಮ ಐವತ್ತೈದರ ಹೆಂಗಸು. ಉಸುಕು ತಿರುವಿ ತಿರುವಿ ಬಲಗೈ ಎಡಗೈಗಿಂತ ದಪ್ಪ ಆಗಿತ್ತು. ಗಂಡ ತೀರಿಕೊಂಡ ಮೇಲೆ ಭಟ್ಟಿಯನ್ನು ಒಬ್ಬಳೇ ನಡೆಸಿ, ಎಂಟು ಮಂದಿ ಹೆಂಗಸರಿಗೆ ಕೆಲಸ ಕೊಟ್ಟಿದ್ದಳು. ಮಾತು ಖಾರ. ನಾನು ಹೋದ ಕೂಡಲೇ, "ಬಂದ್ರು ನೋಡ್ರೇ, ನಮ್ಮ ಬೂದಿ ಎಣ್ಸೋರು!" ಎಂದು ಕೂಗಿ ಚಹಾ ತರಿಸುತ್ತಿದ್ದಳು. ನನಗೆ ಅವಳನ್ನು ಕಂಡರೆ ಪ್ರೀತಿ.

ಮೂರು ಸುಗ್ಗಿಯ ಪಟ್ಟಿ ಬಂದಾಗ ಕೊಟ್ಟೂರು ಕೊನೆಯಲ್ಲಿತ್ತು. ಕೊನೆ ಅಂದರೆ ಅಂತಿಂಥ ಕೊನೆಯಲ್ಲ. ಉಳಿದ ನಾಲ್ಕು ತಾಲ್ಲೂಕುಗಳು ಅಕ್ಕಪಕ್ಕ ನಿಂತಿದ್ದರೆ ಕೊಟ್ಟೂರು ಒಂದೇ ದೂರ ಕೆಳಗೆ ಬಿದ್ದಿತ್ತು. ಅಷ್ಟೇ ಅಕ್ಕಿಗೆ ಅಷ್ಟೊಂದು ಸೌದೆ! ನನಗೆ ಬೇಜಾರಾಯಿತು. ಆದರೆ ಅನುಮಾನ ಬರಲಿಲ್ಲ. ಅನುಮಾನ ಬರಬೇಕಿತ್ತು, ಬರಲಿಲ್ಲ, ಇದನ್ನು ಒತ್ತಿ ಹೇಳುತ್ತಿದ್ದೇನೆ. ತೂಕ ಸರಿಯಿದೆ, ನಾನೇ ತೂಗಿದ್ದು, ಇನ್ನೇನು? ಅದೇ ನನ್ನ ಸೊಕ್ಕು. ವರದಿ ಹೋಯಿತು. ಹನ್ನೊಂದೂ ಭಟ್ಟಿಗಳ ಬೆಂಕಿಯನ್ನು ಹದಿನೈದು ದಿನದೊಳಗೆ ಆರಿಸಬೇಕು ಎಂಬ ನೋಟೀಸು ಬಂತು. ಅದನ್ನು ಮುಟ್ಟಿಸುವ ಕೆಲಸವೂ ನನ್ನ ಮೇಲೇ ಬಿತ್ತು. ಮಾಡಿದ್ದುಣ್ಣೋ ಮಹಾರಾಯ.

ನೋಟೀಸು ಕೈಗೆ ಬಂದದ್ದು ಮಂಗಳವಾರ. ಮುಂದಿನ ಸೋಮವಾರದವರೆಗೆ ಕಾಯುವಂತಿರಲಿಲ್ಲ. ಬುಧವಾರ ಮೊದಲ ಬಸ್ಸಿಗೇ ಹೊರಟೆ. ಕೊಟ್ಟೂರು ತಲುಪಿದಾಗ ಇನ್ನೂ ಎಳೆಬಿಸಿಲು. ಹಾಲಮ್ಮ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ನೋಟೀಸನ್ನು ತಾನೇ ಓದಿದಳು. ತುಟಿ ಅಲ್ಲಾಡಿಸುತ್ತಾ ನಿಧಾನವಾಗಿ ಓದಿದಳು. ಎಂಟೂ ಮಂದಿ ಕೆಲಸ ನಿಲ್ಲಿಸಿ ಅವಳ ಮುಖ ನೋಡುತ್ತಿದ್ದರು.

"ಆರಿಸ್ಬೇಕಂತ," ಎಂದಳು ಅವರ ಕಡೆ ತಿರುಗಿ. ಆಮೇಲೆ ನನಗೆ ಹೇಳಿದಳು, "ನೀವು ನಮ್ಮ ಚಾ ಕುಡುದ್ರಿ, ನಮ್ಮ ಮಂಡಕ್ಕಿ ತಿಂದ್ರಿ. ಒಂದ್ ಮಾತು ಹೇಳ್ಬೇಕಂತ ಅನ್ನಿಸ್ಲಿಲ್ಲೇನ್ರಿ ಅಕ್ಕಾರ? ಹೊಗಿ ಜಾಸ್ತಿ ಆತು ಹಾಲವ್ವಾ, ಕಮ್ಮಿ ಮಾಡು ಅಂತ? ಈ ಎಂಟು ಮಂದೀನ ನಾ ಎಲ್ಲಿಗಿ ಕಳಿಸ್ಲಿ?"

ಅವಳ ಕಣ್ಣು ತಪ್ಪಿಸಲು ಭಟ್ಟಿಯ ಕಡೆ ನೋಡಿದೆ. ಆಗ ಕಂಡಿತು. ಅಷ್ಟು ಬೆಳಗ್ಗೆಯೇ ಮಂಡಕ್ಕಿ ಅರಳಿ ರಾಶಿ ಬಿದ್ದಿತ್ತು. ಒಲೆಯಲ್ಲಿ ಉರಿಯುತ್ತಿದ್ದದ್ದು ಎರಡೇ ಎರಡು ಸೌದೆ. ಸೋಮವಾರ ನಾನು ಬರುವ ಹೊತ್ತಿಗೆ ಆ ಒಲೆಯ ಬಾಯಿ ತುಂಬ ಸೌದೆ ತುರುಕಿರುತ್ತಿದ್ದರು, ಆದರೂ ಉಸುಕು ಕಾದಿರುತ್ತಿರಲಿಲ್ಲ.

"ಇಷ್ಟು ಬೇಗ ಹೆಂಗ ಕಾಯ್ತು ಇದು?"

"ಕಾಯಾಕ ಅದು ಯಾವಾಗ ಆರಿತ್ರೀ?" ಹಾಲಮ್ಮ ಸಿಟ್ಟಿನಲ್ಲೇ ಹೇಳಿದಳು. "ದಿನಾ ಸಂಜಿಗೆ ಕೆಂಡ ಮುಚ್ಚಿ ಹೋಗ್ತೀವಿ, ಮುಂಜಾನಿ ತೆಗದ್ರ ಬಿಸಿನ ಇರ್ತೈತಿ. ವಾರಕ್ಕೊಮ್ಮಿ ಅಷ್ಟ ಆರ್ಸೋದು. ಭಾನ್ವಾರ ಸಂಜಿಗೆ ಆರ್ಸಿ, ಬೂದಿ ತಗ್ದು, ಸೋಮ್ವಾರ ಸಾರ್ಸಿ, ಪೂಜಿ ಮಾಡಿ, ದೇವ್ರಿಗೆ ಹೋಗಿ ಬಂದು ಹೊಸಾದಾಗಿ ಹಚ್ತೀವಿ. ಇಡೀ ಸಾಲು ಹಂಗ ಮಾಡ್ತೈತಿ. ನಮ್ಮಪ್ಪನ ಕಾಲದಿಂದ ಐತಿ."

"ನನಗ ಯಾಕ ಹೇಳ್ಲಿಲ್ಲ?"

"ಸೋಮ್ವಾರ ನಮ್ಮೂರ ದೇವ್ರ ವಾರ ಅಂತ ಯಾರಿಗೆ ಹೇಳ್ಬೇಕ್ರೀ? ಕೊಟ್ಟೂರಾಗ!"

ಅಲ್ಲೇ ಸೌದೆ ರಾಶಿಯ ಮೇಲೆ ಕೂತೆ. ಮೂರು ಸುಗ್ಗಿ, ಪ್ರತಿ ಸಲವೂ, ನಾನು ತಣ್ಣಗಿನ ಭಟ್ಟಿಯನ್ನು ತೂಗಿದ್ದೆ. ಹೊಸದಾಗಿ ಹಚ್ಚಿದ ಬೆಂಕಿ ಅರ್ಧ ದಿನ ಬರೀ ಒಲೆಯ ಇಟ್ಟಿಗೆ, ಉಸುಕು ಕಾಯಿಸುವುದಕ್ಕೇ ಹೋಗುತ್ತದೆ. ಉಳಿದ ನಾಲ್ಕು ಕಡೆ ನಾನು ತೂಗಿದ್ದು ಬಿಸಿ ಭಟ್ಟಿಯನ್ನು. ತೂಕ ಒಂದೂ ತಪ್ಪಿರಲಿಲ್ಲ, ವಾರ ತಪ್ಪಿತ್ತು. ನಮ್ಮ ಅಪ್ಪ ಬುದ್ಧನ ದಾರಿ ಹಿಡಿದ ಮೇಲೆ ನಮ್ಮ ಮನೆಯಲ್ಲಿ ವಾರದ ದೇವರ ಲೆಕ್ಕ ನಿಂತುಹೋಗಿತ್ತು, ನಿಜ. ಆದರೆ ಅದು ನೆಪ. ಸೋಮವಾರ ಬಸ್ಸು ಹೆಚ್ಚು ಎಂದು ನನಗೆ ಗೊತ್ತಿತ್ತು. ಯಾಕೆ ಹೆಚ್ಚು ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ.

ನಮ್ಮ ಅವ್ವ ಕೂಲಿಗೆ ಹೋಗುತ್ತಿದ್ದಾಗ ಸಂಜೆ ಜೋಳ ಅಳೆದು ಕೊಡುತ್ತಿದ್ದರು. ಅಳೆಯುವ ಸೇರು ಯಾವಾಗಲೂ ಇನ್ನೊಬ್ಬರ ಕೈಯಲ್ಲಿ. ಕಡಿಮೆ ಬಂತು ಅನ್ನಿಸಿದರೂ ಅವ್ವ ಬಾಯಿ ಬಿಡುವಂತಿರಲಿಲ್ಲ, ಸೆರಗಿಗೆ ಹಾಕಿಕೊಂಡು ಬರುತ್ತಿದ್ದಳು. ಅಳತೆಯ ಕೆಲಸಕ್ಕೆ ಸೇರಿದ ದಿನ ನಾನು ಅವ್ವನಿಗೆ, "ಇನ್ನು ಸೇರು ನಮ್ಮ ಕೈಯಾಗ ಐತಿ ನೋಡವ್ವಾ" ಎಂದಿದ್ದೆ. ಆ ಸೇರು ನನ್ನ ಕೈಯಲ್ಲಿದ್ದೂ ಹಾಲಮ್ಮನಿಗೆ ಮೋಸ ಆಗಿತ್ತು. ಬಸ್ಸಿನಲ್ಲಿ ಹೊಸಪೇಟೆಗೆ ವಾಪಸು ಬರುವಾಗ ದಾರಿಯುದ್ದ ಅತ್ತೆ. ಕಂಡಕ್ಟರು ಟಿಕೆಟ್ಟು ಕೇಳಲಿಲ್ಲ, ನಾನೇ ಕರೆದು ತಗೊಂಡೆ.

ಸಾಹೇಬರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ವರದಿಯ ಮೇಲೆ ಅವರ ಸಹಿ ಇತ್ತು. ತಪ್ಪು ಹೊರಬಿದ್ದರೆ ಅವರ ಹೆಸರೂ ಕೆಡುತ್ತಿತ್ತು. ಇನ್ನು ಎಂಟು ತಿಂಗಳಿಗೆ ನಿವೃತ್ತಳಾಗುವವಳನ್ನು ಸುಮ್ಮನಿರಿಸುವುದೂ ಅವರಿಗೆ ಕಷ್ಟವಿರಲಿಲ್ಲ.

"ತಪ್ಪಾತು ಅಂತ ಹೇಳಾಕ ಬಂದೀರೋ, ತೂಗಾಕ ಬಂದೀರೋ?" ಎಂದರು.

"ತೂಗಾಕ ಬಂದೀನ್ರಿ ಸರ್."

"ಹಂಗಾದ್ರ ಅಳೋದು ಬಿಡ್ರಿ. ಐದೂ ತಾಲ್ಲೂಕು, ಒಂದೊಂದು ಭಟ್ಟಿ, ಪೂರಾ ಏಳು ದಿನ. ಆರ್ಸಿದ ದಿನ, ಹಚ್ಚಿದ ದಿನ, ಎಲ್ಲಾ ಸೇರಿ. ಐದು ಮಂದಿ, ಐದು ತಕ್ಕಡಿ. ಆದ್ರ ನೀವು ಕೊಟ್ಟೂರಿಗೆ ಹೋಗಂಗಿಲ್ಲ."

"ಯಾಕ್ರಿ ಸರ್?" ನನಗೆ ಸಿಟ್ಟು ಬಂತು. "ತಪ್ಪು ನಂದು, ನಾನ ಹೋಗ್ಬೇಕು."

"ನೀವು ಹೋಗಿ ಅದು ಛಲೋ ಬಂತಂದ್ರ ಮಂದಿ ಏನಂತಾರ? ದುರುಗಮ್ಮ ಪಾಪ ತೊಳ್ಕೊಳ್ಳಾಕ ಬರ್ದಾಳ ಅಂತಾರ. ಕೊಟ್ಟೂರಿಗೆ ನಾನು ಕುಂದರ್ತೀನಿ. ನೀವು ಹರಪನಹಳ್ಳಿಗೆ ಹೋಗ್ರಿ."

ನಾನು ಹರಪನಹಳ್ಳಿಗೆ ತಕ್ಕಡಿ ಕಟ್ಟಿಕೊಂಡೆ. ಮೂವತ್ತು ವರ್ಷದ ಸರ್ವೀಸಿನಲ್ಲಿ ಒಬ್ಬ ಮೇಲಧಿಕಾರಿ ತಕ್ಕಡಿ ಹಿಡಿದು ಭಟ್ಟಿ ಮುಂದೆ ಏಳು ದಿನ ಕೂತದ್ದನ್ನು ನಾನು ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ.

ಹರಪನಹಳ್ಳಿಯಲ್ಲಿ ನನಗೆ ಇನ್ನೊಂದು ಪಾಠ ಕಾದಿತ್ತು. ಮಂಗಳವಾರ ಬೆಳಗ್ಗೆ ಹೋದರೆ ಅಲ್ಲಿಯ ಭಟ್ಟಿ ತಣ್ಣಗಿತ್ತು! ಉಚ್ಚಂಗೆಮ್ಮನ ವಾರ ಎಂದು ಅವರು ಆರಿಸುವುದು ಮಂಗಳವಾರ. ನಾನು ಮೂರು ಸುಗ್ಗಿ ಅಲ್ಲಿಗೆ ಹೋದದ್ದು ಶುಕ್ರವಾರ, ಹಾಗಾಗಿ ಅವರ ತಣ್ಣನೆಯ ದಿನ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಗೆ ಹೋದವರಿಗೂ ಹೀಗೇ ಆಯಿತು, ಒಂದೊಂದು ಊರಿಗೆ ಒಂದೊಂದು ದಿನ. ಎಲ್ಲರೂ ವಾರಕ್ಕೊಮ್ಮೆ ಆರಿಸುವವರೇ. ಆರಿಸಿದ ದಿನ ಸಿಕ್ಕಿಬಿದ್ದವಳು ಮಾತ್ರ ಹಾಲಮ್ಮ ಒಬ್ಬಳೇ.

ಆ ಏಳು ದಿನ ನಾನು ನೆಟ್ಟಗೆ ಉಣ್ಣಲಿಲ್ಲ. ಸಂಜೆಯಾದರೆ ಸಾಹೇಬರಿಗೆ ಫೋನು ಮಾಡುತ್ತಿದ್ದೆ. "ಹೆಂಗೈತ್ರಿ ಸರ್?" ಎಂದರೆ, "ಬಿಸಿ ಐತ್ರಿ" ಎಂದು ಇಟ್ಟುಬಿಡುತ್ತಿದ್ದರು. ಇನ್ನೊಂದು ದಿನ, "ಇಲ್ಲಿ ಮಿರ್ಚಿ ಛಲೋ ಮಾಡ್ತಾರ" ಎಂದರು. ನನ್ನ ಜೀವ ಹೋಗುತ್ತಿದ್ದರೆ ಈ ಮನುಷ್ಯ ಮಿರ್ಚಿ ವರದಿ ಕೊಡುತ್ತಿದ್ದಾರೆ! ಭಟ್ಟಿಯ ಹೆಂಗಸರು ಅವರನ್ನು ಚೆನ್ನಾಗಿ ಆಡಿಸಿದ್ದು ನನಗೆ ಆಮೇಲೆ ಗೊತ್ತಾಯಿತು. ಇಸ್ತ್ರಿ ಅಂಗಿಯಲ್ಲಿ ಬಂದವರು ಮೂರನೆಯ ದಿನಕ್ಕೆ ತಲೆಗೆ ಟವೆಲ್ಲು ಸುತ್ತಿಕೊಂಡು, "ಸಾಹೇಬ್ರ, ಆ ಸೌದಿ ಇತ್ತಾಗ ತಳ್ರಿ" ಎಂದರೆ ತಳ್ಳುತ್ತಿದ್ದರಂತೆ. ತಳ್ಳುವ ಮುಂಚೆ ಪ್ರತಿಯೊಂದನ್ನೂ ತೂಗುತ್ತಿದ್ದರಂತೆ.

ಎಂಟನೆಯ ದಿನ ಐವರೂ ಕಚೇರಿಯಲ್ಲಿ ಹಾಳೆಗಳನ್ನು ಹರಡಿಕೊಂಡು ಕೂತೆವು. ಒಂದೊಂದು ತಾಲ್ಲೂಕಿನ ಏಳು ದಿನದ ಸೌದೆ, ಬೂದಿ, ಮಂಡಕ್ಕಿ ಕೂಡಿಸಿದೆವು. ಹಡಗಲಿ ಬಂತು. ಹಗರಿಬೊಮ್ಮನಹಳ್ಳಿ ಬಂತು. ಕೂಡ್ಲಿಗಿ ಅದಕ್ಕಿಂತ ಚೂರು ಮೇಲೆ. ಹರಪನಹಳ್ಳಿ ಅದಕ್ಕೂ ಚೂರು ಮೇಲೆ. ಕೊನೆಗೆ ಸಾಹೇಬರು ತಮ್ಮ ಹಾಳೆ ತೆಗೆದರು, ಎಣ್ಣೆ, ಮಸಿ, ಬೂದಿ ಎಲ್ಲ ಅದಕ್ಕೆ ಹತ್ತಿತ್ತು. ಕೂಡಿಸಿದೆ. ನಂಬಿಕೆ ಬರದೆ ಮತ್ತೆ ಕೂಡಿಸಿದೆ. ಕೊಟ್ಟೂರು ಮಧ್ಯಕ್ಕೆ ಬಂದರೆ ಸಾಕು ಎಂದು ನಾನು ಬೇಡಿಕೊಂಡಿದ್ದೆ. ಅದು ಎಲ್ಲರಿಗಿಂತ ಮೇಲೆ ನಿಂತಿತ್ತು, ಅದೂ ಬಹಳ ಮೇಲೆ. ತಣ್ಣನೆಯ ಸೋಮವಾರವನ್ನು ಸೇರಿಸಿಕೊಂಡೂ!

"ಹೆಂಗ್ರಿ ಸರ್ ಇದು?"

ವಿರೂಪಾಕ್ಷಪ್ಪ ಸಾಹೇಬರು ನಕ್ಕರು. ಅವರ ಹಲ್ಲು ನೋಡಿದ್ದು ನಾನು ಅವತ್ತೇ. "ನಾನೂ ನಾಕು ದಿನ ತಲಿ ಕೆಡಿಸ್ಕೊಂಡೆ. ಐದನೇ ದಿನ ಮ್ಯಾಲ ನೋಡಿದೆ. ಆಕಿ ಹೊಗಿ ಹೋಗೋ ದಾರಿ ಮ್ಯಾಲ ತಗಡು ಹಾಸ್ಯಾಳ. ಉಪ್ಪುನೀರು ಹಾಕಿದ ಅಕ್ಕಿ ಮೊದ್ಲು ಆ ತಗಡಿನ ಮ್ಯಾಲ ಬಿಸಿ ಆಗ್ತೈತಿ, ಆಮ್ಯಾಲ ಬಾಣ್ಲಿಗೆ ಬೀಳ್ತೈತಿ. ಉಳಿದೋರು ತಣ್ಣಗಿನ ಅಕ್ಕಿ ಹಾಕ್ತಾರ. ಎಲ್ಲಾರೂ ಮ್ಯಾಲ ಬಿಡೋ ಹೊಗಿ ಐತೆಲ್ಲಾ, ಆಕಿ ಅದರ ಕೈಲೇ ಕೆಲ್ಸ ತಗೊಂಡು ಕಳಸ್ತಾಳ."

ಮೂರು ಸುಗ್ಗಿ ನಾನು ಆ ತಗಡಿನ ಕೆಳಗೇ ಕೂತು ಚಹಾ ಕುಡಿದಿದ್ದೆ. ಮಳೆಗೆ ಮರೆ ಅಂದುಕೊಂಡಿದ್ದೆ. ಜೋರಾಗಿ ನಗು ಬಂತು, ಎಲ್ಲರ ಮುಂದೆಯೇ ನಕ್ಕೆ, ನಗುತ್ತಾ ಕಣ್ಣೂ ಒರೆಸಿಕೊಂಡೆ.

ನೋಟೀಸಿನ ಗಡುವಿಗೆ ಮೂರು ದಿನ ಇರುವಾಗ ಸಭೆ ನಡೆಯಿತು. ಮೇಲಿನಿಂದ ಬಂದಿದ್ದ ಅಧಿಕಾರಿ ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು, "ಹೋದ ತಿಂಗಳು ಕೊನೆಯಲ್ಲಿದ್ದದ್ದು ಈ ತಿಂಗಳು ಮೊದಲು ಬಂದಿದೆ. ಇದನ್ನು ಹೇಗೆ ನಂಬುವುದು?" ಎಂದರು. ಸಾಹೇಬರು ಏಳಲು ಹೊರಟರು. ನಾನು ಅವರಿಗಿಂತ ಮೊದಲೇ ಎದ್ದೆ. ತಪ್ಪು ನನ್ನದು ಎಂದೆ. ಯಾವ ವಾರ ಹೋದೆ, ಯಾಕೆ ಹೋದೆ, ಏನನ್ನು ಕೇಳಲಿಲ್ಲ, ಎಲ್ಲ ಹೇಳಿದೆ. ಫೋನಿನಲ್ಲಿ ತಾರೀಖು ತುಂಬುವ ಜಾಗ ಇದೆ, ವಾರ ತುಂಬುವ ಜಾಗ ಇಲ್ಲ ಎಂದೂ ಹೇಳಿದೆ. ಕೊನೆಗೆ ಏಳು ದಿನದ ಮೂವತ್ತೈದು ಹಾಳೆಗಳನ್ನು ಅವರ ಮುಂದಿಟ್ಟು, "ಇದರೊಳಗ ಒಂದು ತಪ್ಪು ತೋರಿಸ್ರಿ, ನಾನು ಇವತ್ತೇ ಮನಿಗೆ ಹೋಗ್ತೀನಿ" ಎಂದೆ. ಸಿಟ್ಟು ಅಂದೆನಲ್ಲ, ಅದು ಅಲ್ಲೂ ಬಂತು.

ಅವರು ಒಂದು ಗಂಟೆ ಹುಡುಕಿದರು. ಒಂದೂ ಸಿಗಲಿಲ್ಲ.

ಆಮೇಲಿನದು ನೀವೇ ಕಚೇರಿಯ ಕಡತದಲ್ಲಿ ಓದಬಹುದು. ಯಾವ ತಾಲ್ಲೂಕಿನ ಭಟ್ಟಿಯೂ ಮುಚ್ಚಲಿಲ್ಲ. ಹಾಲಮ್ಮನ ಭಟ್ಟಿಯನ್ನು ಅಳತೆಗೋಲಾಗಿ ಇಟ್ಟುಕೊಂಡು, ಉಳಿದ ಭಟ್ಟಿಗಳು ಅವಳಿಗಿಂತ ಎಷ್ಟು ಹೆಚ್ಚು ಸೌದೆ ಸುಡುತ್ತವೆ ಎಂದು ಲೆಕ್ಕ ಹಾಕಿದೆವು. ಅಷ್ಟು ಹೊಗೆಯನ್ನು ಒಂದೂ ಒಲೆ ಆರಿಸದೆ, ಒಬ್ಬರನ್ನೂ ಮನೆಗೆ ಕಳಿಸದೆ, ಒಂದು ತಗಡಿನಿಂದ ಉಳಿಸಬಹುದಿತ್ತು. ಉಳಿಸಿದೆವು! ನಾನು ನಿವೃತ್ತಳಾಗುವ ಮುಂಚೆ ಐದೂ ತಾಲ್ಲೂಕನ್ನು ಮತ್ತೆ ಏಳೇಳು ದಿನ ತೂಗಿದೆವು. ನಾಲ್ಕೂ ತಾಲ್ಲೂಕುಗಳು ಕೊಟ್ಟೂರಿನ ಹತ್ತಿರ ಹತ್ತಿರಕ್ಕೆ ಬಂದಿದ್ದವು. ಹರಪನಹಳ್ಳಿಯವರಂತೂ ತಗಡಿಗೆ ಅಂಚು ಕಟ್ಟಿ ಕೊಟ್ಟೂರಿಗೇ ಸವಾಲು ಹಾಕಿದ್ದರು. ಈಗ ಫೋನಿನಲ್ಲಿ ವಾರ ತುಂಬುವ ಜಾಗವೂ ಇದೆ. ಅದನ್ನು ತುಂಬುವಾಗ ಬೇಸರ ಮಾಡಿಕೊಳ್ಳಬೇಡಿ. ಅಲ್ಲಿ ಆ ಊರಿನವರನ್ನು ಕೇಳಿಯೇ ಬರೆಯಿರಿ, ನಿಮ್ಮ ಅಂದಾಜನ್ನು ಬರೆಯಬೇಡಿ.

ಆದರೆ ಈ ಕೆಲಸದಲ್ಲಿ ನನಗೆ ಸಿಕ್ಕ ಸಂಬಳವೆಲ್ಲ ಒಂದು ಕಡೆ, ಆ ಸಭೆಯ ಮರುದಿನ ಒಂದು ಕಡೆ. ಹೊಸ ಆದೇಶವನ್ನು ಕೈಯಲ್ಲಿ ಹಿಡಿದು ಕೊಟ್ಟೂರಿಗೆ ಹೋದೆ. ತಕ್ಕಡಿ ಒಯ್ಯಲಿಲ್ಲ. ಹಾಲಮ್ಮ ಭಟ್ಟಿಯ ಹೊರಗೆ ಜರಡಿ ಹಿಡಿದು ನಿಂತಿದ್ದಳು. ನನ್ನನ್ನು ನೋಡಿ ಕೂಗಲಿಲ್ಲ, ಚಹಾ ಎನ್ನಲಿಲ್ಲ. ನಾನು ಕಾಗದ ಚಾಚಿದೆ. ಅವಳು ಕೈ ಮುಂದೆ ಮಾಡಲಿಲ್ಲ.

"ನಾ ಓದಂಗಿಲ್ಲ. ಬರ್ದೋರು ನೀವು, ನೀವ ಓದ್ರಿ."

ಓದಿದೆ. ಕೊಟ್ಟೂರಿನ ಹನ್ನೊಂದು ಭಟ್ಟಿಗಳಿಗೆ ಕೊಟ್ಟ ನೋಟೀಸನ್ನು ಹಿಂದಕ್ಕೆ ಪಡೆಯಲಾಗಿದೆ. ಅಳತೆಯಲ್ಲಿ ಆದ ತಪ್ಪು ಕಚೇರಿಯದು. ಐದು ತಾಲ್ಲೂಕುಗಳಲ್ಲಿ ಅತಿ ಕಡಿಮೆ ಹೊಗೆಯಲ್ಲಿ ಮಂಡಕ್ಕಿ ಮಾಡುವ ಭಟ್ಟಿ ಹಾಲಮ್ಮನವರದು. ಉಳಿದ ಎಲ್ಲ ಭಟ್ಟಿಗಳೂ ಅವರ ಕ್ರಮವನ್ನು ನೋಡಿ ಕಲಿಯತಕ್ಕದ್ದು.

ಓದಿ ಮುಗಿಸಿ ತಲೆ ಎತ್ತಿದರೆ ಸಾಲಿನ ಹನ್ನೊಂದೂ ಭಟ್ಟಿಗಳ ಹೆಂಗಸರು ಬಂದು ನಿಂತಿದ್ದರು. ಹಾಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನ ಹತ್ತಿರ ಬಂದು, ಉಸುಕು ತಿರುವಿ ದಪ್ಪಗಾದ ಆ ಕೈಯನ್ನು ನನ್ನ ಭುಜದ ಮೇಲಿಟ್ಟಳು.

"ಇನ್ನೊಮ್ಮಿ ಓದ್ರಿ ಅಕ್ಕಾರ. ಗಟ್ಟಿಯಾಗಿ ಓದ್ರಿ. ಒಳಗ ಬಾಣ್ಲಿ ಬಿಟ್ಟು ಬರಾಕ ಆಗ್ದೋರು ಅದಾರ, ಅವ್ರಿಗೂ ಕೇಳ್ಲಿ."

ನಾನು ಮೊದಲಿನಿಂದ, 'ಅಳತೆಯಲ್ಲಿ ಆದ ತಪ್ಪು' ಎಂಬ ಮಾತನ್ನೂ ಬಿಡದೆ, ಇಡೀ ಸಾಲಿಗೆ ಕೇಳುವಂತೆ ಕೂಗಿ ಓದಿದೆ.